ಹಳೆಯ ಪೆಟ್ಟಿಗೆಯೊಂದು ಸಿಕ್ಕಿದೆ. ಕುಟುಂಬದ ಇತಿಹಾಸವನ್ನು ಎಲ್ಲಿಂದ ಹುಡುಕಲು ಆರಂಭಿಸಲಿ?

ಅಜ್ಜಿ ತೀರಿಕೊಂಡ ಮೇಲೆ ಒಂದು ಪೆಟ್ಟಿಗೆ ತುಂಬ ಪತ್ರ, ಫೋಟೋ, ಕ್ರಯಪತ್ರ ಮತ್ತು ಒಂದು ಕೈಗಡಿಯಾರ ಸಿಕ್ಕಿವೆ, ಮುತ್ತಜ್ಜನ ಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲ, ಎಲ್ಲವನ್ನೂ ವಿಂಗಡಿಸಿ ಆಲ್ಬಮ್ಮಿಗೆ ಅಂಟಿಸಿದ ಮೇಲೆ ದಾಖಲೆ ಹುಡುಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ವಿಂಗಡಿಸಬೇಡಿ. ಯಾವ ಪತ್ರದ ಮಡಿಕೆಯೊಳಗೆ ಯಾವ ಫೋಟೋ ಇತ್ತು, ಯಾವ ಕಟ್ಟನ್ನು ಒಂದೇ ದಾರದಲ್ಲಿ ಬಿಗಿದಿದ್ದರು ಎನ್ನುವುದೂ ಅಜ್ಜಿ ಬಿಟ್ಟುಹೋದ ಮಾಹಿತಿಯೇ. ಒಂದೊಂದು ಪದರವನ್ನೂ ಇದ್ದ ಹಾಗೆಯೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು, ಆಮೇಲೆ ಹೊರತೆಗೆಯಿರಿ.

ಮುಂದಿನ ಕೆಲಸಕ್ಕೆ ಕಚೇರಿಗಿಂತ ಮೊದಲು ಮನೆಯ ಹಿರಿಯರ ಬಳಿ ಹೋಗಿ. ದಾಖಲೆ ಇನ್ನೂ ಹತ್ತು ವರ್ಷ ಕಾಯಬಲ್ಲದು, ಹಿರಿಯರ ನೆನಪು ಕಾಯುವುದಿಲ್ಲ. “ಮುತ್ತಜ್ಜ ಹೇಗಿದ್ದರು?” ಎಂದರೆ “ಒಳ್ಳೆಯವರು” ಎಂಬ ಉತ್ತರ ಬರುತ್ತದೆ, ಅಷ್ಟೆ. ಒಂದು ಫೋಟೋ ಕೈಗಿತ್ತು, ಇದು ಯಾರ ಮನೆಯ ಜಗಲಿ, ಪಕ್ಕದಲ್ಲಿ ನಿಂತವರು ಯಾರು, ಈ ಮಗು ಆಮೇಲೆ ಎಲ್ಲಿಗೆ ಹೋಯಿತು ಎಂದು ಕೇಳಿ ನೋಡಿ, ಮಾತು ತಾನಾಗಿ ಹರಿಯುತ್ತದೆ. ಅನುಮತಿ ಪಡೆದು ಧ್ವನಿಮುದ್ರಣ ಮಾಡಿಕೊಳ್ಳಿ. ಹೇಳಿದವರು ಯಾರು, ಯಾವ ದಿನ, ಅವರು ಕಣ್ಣಾರೆ ಕಂಡದ್ದೋ ಕೇಳಿದ್ದೋ ಎಂಬುದನ್ನೂ ಬರೆದಿಡಿ.

ವಸ್ತುಗಳೂ ಕಾಲವನ್ನು ಹೇಳುತ್ತವೆ. ತೆಳುವಾದ ಕಂದು ಛಾಯೆಯ ಫೋಟೋವನ್ನು ದಪ್ಪ ರಟ್ಟಿಗೆ ಅಂಟಿಸಿದ್ದರೆ ಅದು 1850ರಲ್ಲಿ ಬಂದ ಆಲ್ಬುಮೆನ್ ವಿಧಾನದ್ದಿರಬಹುದು. ಮೊಟ್ಟೆಯ ಬಿಳಿಯನ್ನು ಬಳಸುತ್ತಿದ್ದ ಆ ವಿಧಾನ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ನಡೆಯಿತು. ಫೋಟೋದ ಹಿಂಬದಿಯನ್ನು ಮುಂಬದಿಯಷ್ಟೇ ಗಮನದಿಂದ ನೋಡಿ. ಸ್ಟುಡಿಯೋದ ಮುದ್ರೆ ಇದ್ದರೆ ಊರು ಸಿಕ್ಕಿತು. ಪತ್ರದಲ್ಲಿ ತಾರೀಖು ಇಲ್ಲದಿದ್ದರೂ ಲಕೋಟೆಯ ಮೇಲೆ ಅಂಚೆ ಮುದ್ರೆ ಇರುತ್ತದೆ, ಹಾಗಾಗಿ ಲಕೋಟೆಗಳನ್ನು ಎಸೆಯಬೇಡಿ. ಕೈಗಡಿಯಾರದ ಹಿಂಮುಚ್ಚಳದ ಒಳಗೆ ರಿಪೇರಿ ಮಾಡಿದವರು ಗೀಚಿದ ಗುರುತುಗಳು ಇರುವುದುಂಟು. ಅದನ್ನು ತೆರೆಯುವ ಕೆಲಸ ಮಾತ್ರ ಗಡಿಯಾರ ಬಲ್ಲವರದು.

ಇನ್ನು ದಾಖಲೆಗಳು. ಹುಟ್ಟು, ಮದುವೆ, ಸಾವಿನ ನೋಂದಣಿ, ಶಾಲೆಯ ದಾಖಲಾತಿ ಪುಸ್ತಕ, ಭೂದಾಖಲೆ, ಮತದಾರರ ಪಟ್ಟಿ, ಪ್ರಾರ್ಥನಾ ಮಂದಿರಗಳ ಪುಸ್ತಕ, ಸಮಾಧಿಯ ಕಲ್ಲು, ಇವು ಎಲ್ಲಿ ಸಿಗುತ್ತವೆ ಎಂಬುದು ಊರಿಂದ ಊರಿಗೆ ಬೇರೆ. ಆದರೆ ಓದುವ ಕ್ರಮ ಎಲ್ಲ ಕಡೆಯೂ ಒಂದೇ: ಈ ಮಾತನ್ನು ಬರೆಸಿದವರು ಯಾರು, ಅವರಿಗೆ ಅದು ಹೇಗೆ ಗೊತ್ತಿತ್ತು ಎಂದು ಪ್ರತಿ ಸಾಲಿಗೂ ಕೇಳಿಕೊಳ್ಳಬೇಕು. ಮರಣ ನೋಂದಣಿಯನ್ನೇ ತೆಗೆದುಕೊಳ್ಳಿ. ಸತ್ತ ದಿನ, ಸ್ಥಳ ಬಹುಮಟ್ಟಿಗೆ ಸರಿ ಇರುತ್ತವೆ, ಬರೆಸಿದವರು ಆಗ ಅಲ್ಲಿದ್ದವರು. ಅದೇ ಹಾಳೆಯಲ್ಲಿರುವ ವಯಸ್ಸು ಮತ್ತು ತಂದೆತಾಯಿಯ ಹೆಸರನ್ನು ಹೇಳಿದವನು ಮಗನೋ ಅಳಿಯನೋ ಆಗಿರುತ್ತಾನೆ. ಅವನು ಆ ಹುಟ್ಟನ್ನು ಕಂಡವನಲ್ಲ. ಒಂದೇ ಹಾಳೆಯಲ್ಲಿ ಒಂದು ಸಾಲು ಗಟ್ಟಿ, ಮತ್ತೊಂದು ಸಾಲು ಟೊಳ್ಳು. ವಯಸ್ಸು 40, 50, 60 ಎಂದು ದುಂಡಾಗಿದ್ದರೆ ಅಂದಾಜಿನದು ಎಂದೇ ಮೊದಲು ಭಾವಿಸಿ. ಹೆಸರಿನ ಕಾಗುಣಿತವೂ ಹಾಗೆಯೇ, ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. ಎರಡು ದಾಖಲೆಗಳು ಒಂದಕ್ಕೊಂದು ಹೊಂದದಿದ್ದರೆ ಒಂದನ್ನು ಅಳಿಸಬೇಡಿ. ಎರಡನ್ನೂ ಇಟ್ಟುಕೊಂಡು, ಘಟನೆಗೆ ಹತ್ತಿರದ ಕಾಲದಲ್ಲಿ ಬರೆದದ್ದಕ್ಕೆ ಹೆಚ್ಚು ಬೆಲೆ ಕೊಡಿ.

ನನಗೆ ಎಲ್ಲಕ್ಕಿಂತ ಇಷ್ಟ ಕ್ರಯಪತ್ರ. ಕೊಟ್ಟವರು, ಕೊಂಡವರ ಹೆಸರಷ್ಟನ್ನೇ ನೋಡಿ ಮಡಿಸಿಡುವವರು ಬಹಳ ಮಂದಿ. ಆದರೆ ಜಮೀನಿನ ಎಲ್ಲೆಗಳನ್ನು ಹೇಳುವ ಚಕ್ಕುಬಂದಿಯಲ್ಲಿ ನಾಲ್ಕು ದಿಕ್ಕಿನ ನೆರೆಯವರಿದ್ದಾರೆ, ಕೊನೆಯಲ್ಲಿ ಸಾಕ್ಷಿಗಳಿದ್ದಾರೆ, ಪತ್ರ ಬರೆದವರ ಬಿಕ್ಕಲಂ, ಅಂದರೆ ಅವರ ಹೆಸರು ಮತ್ತು ರುಜು ಇದೆ. ಪಕ್ಕದ ಜಮೀನು ಅಣ್ಣತಮ್ಮಂದಿರದ್ದಿರಬಹುದು, ಸಾಕ್ಷಿ ಹಾಕಿದವರು ಭಾವನೋ ಮಾವನೋ ಆಗಿರಬಹುದು. ಮುತ್ತಜ್ಜನ ಜಾಡು ತಪ್ಪಿದಾಗ ಈ ಹೆಸರುಗಳನ್ನು ಹಿಡಿದು ಹೋಗಿ. ಪತ್ರಾಗಾರಗಳೇ ನಾಶವಾದ ಕಡೆಯೂ ಇಂಥ ದಾರಿಯೇ ಕೈಹಿಡಿಯುತ್ತದೆ. 1922ರಲ್ಲಿ ಡಬ್ಲಿನ್ನಿನ ಸಾರ್ವಜನಿಕ ದಾಖಲೆಗಳ ಕಚೇರಿ ಅಂತರ್ಯುದ್ಧದಲ್ಲಿ ಸುಟ್ಟುಹೋಯಿತು. ಐರ್ಲೆಂಡಿನ ಕುಟುಂಬಗಳನ್ನು ಹುಡುಕುವವರು ಇಂದಿಗೂ ಬೇರೆಡೆ ಉಳಿದ ನಕಲು, ಟಿಪ್ಪಣಿಗಳಿಂದ ಆ ಕಂದಕವನ್ನು ತುಂಬುತ್ತಿದ್ದಾರೆ.

ಈಗ ಕಾಪಾಡುವ ವಿಚಾರ. ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ ಮರದ ತಿರುಳಿನ ಕಾಗದ ಬಳಕೆಗೆ ಬಂತು. ಅದರಲ್ಲಿನ ಆಮ್ಲ ಕಾಗದವನ್ನು ಹಳದಿಯಾಗಿಸಿ ಪುಡಿಮಾಡುತ್ತದೆ. ಪತ್ರಿಕೆಯ ತುಣುಕಂತೂ ತನ್ನ ಪಕ್ಕದ ಹಾಳೆಗೂ ಕಲೆ ಹತ್ತಿಸುತ್ತದೆ, ಆದ್ದರಿಂದ ಅದನ್ನು ಪ್ರತ್ಯೇಕವಾಗಿಡಿ. ಅಂಟಿನ ಹಾಳೆಯ ಆಲ್ಬಮ್ ಬೇಡ, ಪಿವಿಸಿ ಪ್ಲಾಸ್ಟಿಕ್ ಬೇಡ, ಸೆಲ್ಲೋಟೇಪ್ ಬೇಡ. ಲ್ಯಾಮಿನೇಷನ್ ಮಾಡಿಸಬೇಡಿ ಎಂದು ನಾನು ಕೈಮುಗಿದು ಹೇಳುತ್ತೇನೆ. ಬಿಸಿಯಿಂದ ಕರಗಿ ಕಾಗದಕ್ಕೆ ಹತ್ತಿದ ಆ ಪದರವನ್ನು ಮತ್ತೆ ಬಿಡಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಆಮ್ಲರಹಿತ ಕಾಗದದ ಲಕೋಟೆ ಅಥವಾ ಪಾಲಿಯೆಸ್ಟರ್ ಹಾಳೆ ಸಾಕು. ಅಟ್ಟದ ಸೆಖೆ, ನೆಲಮಾಳಿಗೆಯ ತೇವ ಎರಡೂ ಆಗದು. ತಂಪಾದ, ಒಣಗಿದ, ಬಿಸಿಲು ಬೀಳದ ಕಪಾಟೇ ಸರಿ. ಫೋಟೋದಲ್ಲಿರುವವರ ಹೆಸರನ್ನು ಹಿಂಬದಿಯ ಅಂಚಿನಲ್ಲಿ ಮೆದು ಪೆನ್ಸಿಲಿನಿಂದ, ಒತ್ತದೆ ಬರೆಯಿರಿ. ಪ್ಲಾಸ್ಟಿಕ್ ಲೇಪದ ಹೊಸಬಗೆಯ ಫೋಟೋಗಳ ಮೇಲೆ ಪೆನ್ಸಿಲ್ ಹಿಡಿಯದು, ಅವುಗಳ ಲಕೋಟೆಯ ಮೇಲೆ ಬರೆದರಾಯಿತು.

ಫೋಟೋಗಳನ್ನು 600 ಡಿಪಿಐನಲ್ಲಿ (ಒಂದು ಇಂಚಿಗೆ 600 ಚುಕ್ಕಿ), ಎರಡೂ ಬದಿ ಸ್ಕ್ಯಾನ್ ಮಾಡಿ, ಚಿತ್ರದ ವಿವರ ಕಳೆದುಹೋಗದ ಟಿಫ್ (TIFF) ಕಡತದ ರೂಪದಲ್ಲಿ ಉಳಿಸಿ. ಕಡತದ ಹೆಸರಿನಲ್ಲೇ ವ್ಯಕ್ತಿ, ಸ್ಥಳ, ವರ್ಷ ಇರಲಿ. ಅಂದಾಜಿನ ವರ್ಷವಾದರೆ ‘ಸುಮಾರು’ ಎಂದು ಸೇರಿಸಿ. ಒಂದು ಪ್ರತಿ ನಿಮ್ಮ ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಮತ್ತೊಂದು ಬೇರೆ ಊರಿನಲ್ಲಿರುವ ಚಿಕ್ಕಪ್ಪನ ಮಗಳ ಬಳಿಯೋ ಸೋದರತ್ತೆಯ ಮಗನ ಬಳಿಯೋ ಇರಲಿ. ಅವರಿಗೆ ಕಳುಹಿಸುವಾಗ ಗುರುತು ಸಿಗದ ಮುಖಗಳನ್ನು ಬೇರೆ ಗುಂಪಾಗಿ ಕಳುಹಿಸಿ. ನಿಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಹೆಸರು ಅವರ ಮನೆಯ ಹಿರಿಯರಿಗೆ ಗೊತ್ತಿರಬಹುದು.