ಕ್ಯಾಮೊಫ್ಲಾಜ್ ಪದ ಎಲ್ಲಿಂದ ಬಂತು?

ನಮಸ್ಕಾರ. ಕ್ಯಾಮೊಫ್ಲಾಜ್ ಅಂದರೆ ಸೈನಿಕರ ಹಸಿರು ಮಚ್ಚೆಯ ಬಟ್ಟೆ ಮಾತ್ರವೇ, ಆ ಪದ ಹುಟ್ಟಿದ್ದು ಎಲ್ಲಿ ಎಂದು ಕೇಳಿದ್ದೀರಿ. ಬಟ್ಟೆ ಆಮೇಲೆ ಬಂದದ್ದು. ಮೊದಲ ಅರ್ಥ ವೇಷ ಮರೆಸುವುದು.

ಇಂಗ್ಲಿಷಿಗೆ ಇದು ಫ್ರೆಂಚಿನಿಂದ ಬಂತು. ಅದರ ಹಿಂದೆ ಇಟಾಲಿಯನ್ನಿನ ‘ಕಾಮುಫಾರೆ’ ಇದೆ, ವೇಷ ಹಾಕು ಅಂತ ಅರ್ಥ. ಮುಖಕ್ಕೆ ಹೊಗೆ ಊದುವುದಕ್ಕೆ ಫ್ರೆಂಚಿನಲ್ಲಿ ‘ಕಾಮುಫ್ಲೆ’ ಎನ್ನುತ್ತಿದ್ದರು. ಅದರ ಪ್ರಭಾವವೂ ಇರಬಹುದು ಎಂದು ನಿಘಂಟುಗಳು ಹೇಳುತ್ತವೆ.

ಪದ ಎಲ್ಲೆಡೆ ಹಬ್ಬಿದ್ದು ಮೊದಲ ಮಹಾಯುದ್ಧದಲ್ಲಿ. 1915ರಲ್ಲಿ ಫ್ರೆಂಚ್ ಸೇನೆ ಇದಕ್ಕೆಂದೇ ಒಂದು ವಿಭಾಗ ತೆರೆಯಿತು. ಮುಖ್ಯಸ್ಥ ಗಿರಾಂ ದ ಸೆವೊಲಾ ವೃತ್ತಿಯಿಂದ ಚಿತ್ರಕಾರ! ಫಿರಂಗಿಗಳಿಗೆ ಬಣ್ಣ ಬಳಿದರು, ಬಣ್ಣದ ಬಟ್ಟೆ ಹೊದಿಸಿದರು. ನನಗೆ ಜಾಸ್ತಿ ಇಷ್ಟವಾಗುವುದು ಅವರ ಸುಳ್ಳು ಮರಗಳು. ಗುಂಡೇಟಿಗೆ ಬೋಳಾದ ಮರವನ್ನು ರಾತ್ರಿ ತೆಗೆದು, ನೋಡಲು ಹಾಗೇ ಇರುವ ಟೊಳ್ಳು ಮರ ನಿಲ್ಲಿಸುತ್ತಿದ್ದರು. ಒಳಗೆ ಕುಳಿತ ಸೈನಿಕ ಶತ್ರುವಿನ ಕಡೆ ಕಣ್ಣಿಡುತ್ತಿದ್ದ.

1917ರಲ್ಲಿ ಬ್ರಿಟನ್ನಿನ ಚಿತ್ರಕಾರ ನಾರ್ಮನ್ ವಿಲ್ಕಿನ್ಸನ್ ಹಡಗುಗಳಿಗೆ ಅಡ್ಡಾದಿಡ್ಡಿ ಪಟ್ಟೆ ಬಳಿಸಿದರು. ಹಡಗು ಎದ್ದು ಕಾಣುತ್ತಿತ್ತು. ಆದರೆ ಅದು ಯಾವ ಕಡೆ, ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂದು ಜಲಾಂತರ್ಗಾಮಿಗೆ ಅಂದಾಜು ಸಿಗಬಾರದು, ಅದೇ ಉಪಾಯ. ಹಾಗಾಗಿ ಸುಮ್ನೆ ‘ಅಡಗುವುದು’ ಎಂದರೆ ಅರ್ಥ ಪೂರ್ತಿ ಆಗುವುದಿಲ್ಲ, ಅಲ್ವಾ? ಕಣ್ಣಿಗೆ ಮೋಸ ಮಾಡುವುದು ಅನ್ನಿ.

ಹುಲಿಯ ಪಟ್ಟೆಗೂ ಈ ಪದ ಧಾರಾಳವಾಗಿ ಬಳಸಿ. ಮನುಷ್ಯ ಗುರುತು ಮರೆಸಿ ಓಡಾಡಿದರೆ ಮಾತ್ರ ‘ಇನ್‌ಕಾಗ್ನಿಟೋ’ ಹೆಚ್ಚು ಹೊಂದುತ್ತದೆ.