ಪೂಜೆಯ ಮಂಡಲದಲ್ಲಿ ಷಟ್ಕೋಣ ಯಾಕೆ ಬರೆಯುತ್ತಾರೆ?

ಷಟ್ಕೋಣವೆಂದರೆ ಎರಡು ತ್ರಿಕೋನ ಒಂದರ ಮೇಲೊಂದು ಕೂಡಿದ ಆರು ಮೂಲೆಯ ನಕ್ಷತ್ರ, ಶಿವ-ಶಕ್ತಿ ಒಂದಾದ ಗುರುತು. ಮೇಲ್ಮುಖದ ತ್ರಿಕೋನ ಶಿವ, ಕೆಳಮುಖದ್ದು ಶಕ್ತಿ. ಬೆಂಕಿ ಮೇಲಕ್ಕೇಳುತ್ತದೆ, ನೀರು ಕೆಳಕ್ಕೆ ಹರಿಯುತ್ತದೆ. ಹಾಗಾಗಿ ತಂತ್ರದಲ್ಲಿ ಮೊದಲನೆಯದನ್ನು ಅಗ್ನಿ, ಎರಡನೆಯದನ್ನು ಜಲ ಎಂದೂ ಹೇಳುತ್ತಾರೆ. ಎರಡೂ ಕೂಡುವ ನಟ್ಟನಡುವಿನ ಬಿಂದುವೇ ದೇವಿಯ ಸ್ಥಾನ.

ಇದರಿಂದಲೇ ಎರಡು ತ್ರಿಕೋನಗಳೂ ಸಮ ಇರಬೇಕು. ಒಂದು ದೊಡ್ಡದಾದರೆ ಅರ್ಥವೇ ಕೆಡುತ್ತದೆ, ಕಣ್ಣಂದಾಜು ಸಾಲದು. ಸೆಗಣಿ ಸಾರಿಸಿ ಒಣಗಿದ ನೆಲದಲ್ಲಿ 3 ಅಡಿ ಅಗಲದ ಮಂಡಲ ಬೇಕಿದ್ದರೆ ಒಂದೂವರೆ ಅಡಿ ನೂಲು ತೆಗೆದುಕೊಳ್ಳಿ. ಒಂದು ತುದಿ ನಡುವೆ ಒತ್ತಿ ಹಿಡಿದು ವೃತ್ತ ಎಳೆಯಿರಿ. ಅದೇ ನೂಲನ್ನು ನೇರ ಹಿಡಿದು ವೃತ್ತದ ಗೆರೆಯ ಮೇಲೆ ಅಳೆಯುತ್ತ ಹೋದರೆ ಸರಿಯಾಗಿ 6 ಗುರುತು ಬೀಳುತ್ತವೆ. ಒಂದು ಬಿಟ್ಟು ಒಂದನ್ನು ಸೇರಿಸಿ. ಕೊನೆಯ ಅಳತೆ ಮೊದಲ ಗುರುತಿಗೆ ಕೂಡದಿದ್ದರೆ ನೂಲು ಎಲ್ಲೋ ಸಡಿಲಾಗಿದೆ. ಪುಡಿ ಹಾಕುವ ಮೊದಲೇ ಅಳಿಸಿಬಿಡಿ.

ಕಾಸರಗೋಡು ಕಡೆ ಬಿಳಿಗೆ ಅಕ್ಕಿಹುಡಿ, ಹಳದಿಗೆ ಅರಸಿನ, ಕಪ್ಪಿಗೆ ಉಮಿಕರಿ (ಭತ್ತದ ಹೊಟ್ಟು ಸುಟ್ಟ ಕರಿ). ಕೆಂಪು ಮಾತ್ರ ಅರಸಿನಕ್ಕೆ ಸುಣ್ಣ ಬೆರೆತಾಗ ಹುಟ್ಟುವ ಬಣ್ಣ. ಸುಣ್ಣ ಒದ್ದೆಯಿದ್ದರೆ ಹುಡಿ ಗಂಟು ಕಟ್ಟಿ ಗೆರೆ ದಪ್ಪವಾಗುತ್ತದೆ. ನೆರಳಲ್ಲಿ ಒಣಗಿಸಿ, ಜರಡಿ ಹಿಡಿದ ಮೇಲೆಯೇ ಬಳಸಿ.