ಜಿಲ್ಲಾ ಕೇಂದ್ರಕ್ಕೆ ಒಳಚರಂಡಿ ಬಂತು, ನಮ್ಮ ಬಡಾವಣೆಗೆ ಏಕಿಲ್ಲ?

ಪ್ರಶ್ನೆ: ನಮ್ಮದು ಸುಮಾರು 40 ಸಾವಿರ ಜನಸಂಖ್ಯೆಯ ತಾಲ್ಲೂಕು ಕೇಂದ್ರ. ಬಡಾವಣೆಯ ಎಲ್ಲ ಮನೆಗಳಲ್ಲೂ ಶೌಚಗುಂಡಿಯೇ ಗತಿ. ಬಚ್ಚಲು ನೀರು ತೆರೆದ ಚರಂಡಿಗೆ ಸೇರುತ್ತದೆ. ಮಳೆಗಾಲದಲ್ಲಿ ಗುಂಡಿಗಳು ಉಕ್ಕಿ ಕೊಳಕೆಲ್ಲ ರಸ್ತೆಗೆ ಬರುತ್ತದೆ. ಪುರಸಭೆಯಲ್ಲಿ ಕೇಳಿದಾಗಲೆಲ್ಲ ‘ಅನುದಾನ ಬಂದಿಲ್ಲ’ ಎನ್ನುತ್ತಾರೆ. ಜಿಲ್ಲಾ ಕೇಂದ್ರದಲ್ಲಿ ಮಾತ್ರ ಕೇಂದ್ರ ಸರ್ಕಾರದ ನಗರಾಭಿವೃದ್ಧಿ ಯೋಜನೆಯಾದ ಅಮೃತ್ ಅಡಿ ಕೆಲಸ ನಡೆದಿದೆ. ನಾವು ಏನು ಮಾಡಬಹುದು? ಮನೆ ಸಂಪರ್ಕಕ್ಕೆ ನಾವೇ ಹಣ ಕೊಡಬೇಕೇ?

ಉತ್ತರ: ಪುರಸಭೆಯ ಉತ್ತರ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಅನುದಾನ ತಾನಾಗಿ ಬರುವುದಿಲ್ಲ, ಕೇಳಬೇಕು. ಕೇಳುವುದಕ್ಕೆ ಕೈಯಲ್ಲೊಂದು ಸಿದ್ಧ ಯೋಜನೆ ಇರಬೇಕು. ಆದ್ದರಿಂದ ‘ಅನುದಾನ ಯಾವಾಗ ಬರುತ್ತದೆ’ ಎಂದು ಕೇಳುವುದನ್ನು ಬಿಟ್ಟು, ‘ನಮ್ಮ ಊರಿನ ಡಿಪಿಆರ್ (ವಿವರವಾದ ಯೋಜನಾ ವರದಿ) ಎಲ್ಲಿದೆ’ ಎಂದು ಕೇಳಲು ಆರಂಭಿಸಿ.

ಮೊದಲು ಜಿಲ್ಲಾ ಕೇಂದ್ರದ ವಿಷಯ. 2021ರ ಅಕ್ಟೋಬರ್ 1ರಂದು ಅಮೃತ್ 2.0 ಮತ್ತು ಸ್ವಚ್ಛ ಭಾರತ್ ನಗರ 2.0 ಒಟ್ಟಿಗೇ ಆರಂಭವಾದವು. ಅಮೃತ್‌ನಲ್ಲಿ ಕುಡಿಯುವ ನೀರಿನ ಭಾಗ ಎಲ್ಲ ಪಟ್ಟಣಗಳಿಗೂ ಸಿಕ್ಕಿತು. ಒಳಚರಂಡಿಯ ಭಾಗ ಮೊದಲ ಅಮೃತ್‌ನಲ್ಲಿದ್ದ ದೇಶದ 500 ನಗರಗಳಿಗಷ್ಟೇ ಮೀಸಲಾಯಿತು. ಅವುಗಳಲ್ಲಿ ಹೆಚ್ಚಿನವು ಲಕ್ಷ ಜನಸಂಖ್ಯೆ ದಾಟಿದ ನಗರಗಳು. ಲಕ್ಷಕ್ಕಿಂತ ಕಡಿಮೆ ಜನರಿರುವ ನಿಮ್ಮಂಥ ಊರಿನ ಕೊಳಚೆ ನೀರು ಸ್ವಚ್ಛ ಭಾರತ್ 2.0ರ ಪಾಲಿಗೆ ಬಂತು. ಅದರಲ್ಲಿ ಸಂಸ್ಕರಣಾ ಘಟಕ, ದೊಡ್ಡ ಚರಂಡಿಯ ನೀರನ್ನು ತಡೆದು ಘಟಕಕ್ಕೆ ತಿರುಗಿಸುವ ಕಾಮಗಾರಿ, ಪಂಪಿಂಗ್ ವ್ಯವಸ್ಥೆ ಮತ್ತು ಮಲಗುಂಡಿ ಖಾಲಿ ಮಾಡುವ ಯಂತ್ರಗಳಿಗೆ ಹಣವಿದೆ. ಬೀದಿ ಬೀದಿಗೆ ಕೊಳವೆ ಹಾಕಲು ಇಲ್ಲ. ನಿಮ್ಮ ಬಡಾವಣೆಯ ಕೊಳವೆಗೆ ರಾಜ್ಯ ಸರ್ಕಾರದ ಯೋಜನೆಯಿಂದಲೋ ಪುರಸಭೆಯ ಪಾಲಿನ ಹಣದಿಂದಲೋ ದಾರಿ ಹುಡುಕಬೇಕು. ಸಣ್ಣ ಪಟ್ಟಣಗಳಿಗೆ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಒಂದು ಮೂಲವನ್ನು ಜನ ಗಮನಿಸುವುದೇ ಇಲ್ಲ. 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗ ಇಂಥ ಪಟ್ಟಣಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60ರಷ್ಟು ಉದ್ದೇಶಬದ್ಧ, ಅಂದರೆ ಗೊತ್ತುಪಡಿಸಿದ ಕೆಲಸಕ್ಕೇ ಬಳಸಬೇಕಾದದ್ದು. ಅದರ ಅರ್ಧ ನೈರ್ಮಲ್ಯ ಮತ್ತು ಘನತ್ಯಾಜ್ಯಕ್ಕೆ, ಇನ್ನರ್ಧ ನೀರಿಗೆ. ಆ ಹಣ ಎಲ್ಲಿ ಖರ್ಚಾಯಿತು ಎಂದು ಮಾಹಿತಿ ಹಕ್ಕಿನಡಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಲೆಕ್ಕಪತ್ರವನ್ನು ಆನ್‌ಲೈನ್‌ನಲ್ಲಿ ಪ್ರಕಟಿಸುವುದು ಮತ್ತು ಆಸ್ತಿ ತೆರಿಗೆ ವಸೂಲಿ ಹೆಚ್ಚಿಸುವುದು ಆ ಅನುದಾನದ ಷರತ್ತುಗಳಾಗಿದ್ದವು. ತೆರಿಗೆ ಬಾಕಿ ಉಳಿಸಿಕೊಂಡ ಊರು ಅನುದಾನದ ಸಾಲಿನಲ್ಲೂ ಹಿಂದೆ ಬೀಳುತ್ತದೆ.

ಇನ್ನು ಡಿಪಿಆರ್. ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಎಂಜಿನಿಯರುಗಳು ಇದನ್ನು ತಯಾರಿಸುತ್ತಾರೆ. ಅದರ ಪ್ರತಿ ಪಡೆದು ಎರಡು ವಿಷಯಗಳನ್ನು ನೋಡಿ.

ಒಂದು, ನೀರಿನ ಲೆಕ್ಕ. ಒಳಚರಂಡಿ ಇರುವ ಊರಿಗೆ ತಲಾ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಕೇಂದ್ರದ ಕೈಪಿಡಿಯ ಮಾನದಂಡ. ಅದರಲ್ಲಿ ಶೇ 80ರಷ್ಟು ಕೊಳಚೆಯಾಗಿ ಹರಿಯುತ್ತದೆ. ನಿಮ್ಮ ಊರಿಗೆ ಅದು ದಿನಕ್ಕೆ ಸುಮಾರು 43 ಲಕ್ಷ ಲೀಟರ್. ಕೊಳವೆಯೊಳಗೆ ಸೆಕೆಂಡಿಗೆ ಕನಿಷ್ಠ 0.6 ಮೀಟರ್ ವೇಗವಿದ್ದರೆ ಮಾತ್ರ ಹೂಳು ತಾನೇ ತೊಳೆದು ಹೋಗುತ್ತದೆ. ವಾರಕ್ಕೊಮ್ಮೆ ನಲ್ಲಿ ನೀರು ಬರುವ ಊರಿನಲ್ಲಿ ಕೊಳವೆ ಕಟ್ಟಿಕೊಂಡು ಮ್ಯಾನ್‌ಹೋಲ್‌ಗಳು ಉಕ್ಕುವುದು ಹೀಗೆ. ನೀರಿನ ಯೋಜನೆ ಮತ್ತು ಒಳಚರಂಡಿ ಜೊತೆಯಾಗಿ ಸಾಗಬೇಕು.

ಎರಡು, ಜಾಗ. ಸಂಸ್ಕರಣಾ ಘಟಕ ಮತ್ತು ವೆಟ್‌ವೆಲ್‌ಗೆ (ಕೊಳಚೆ ನೀರು ಸೇರಿಸಿ ಪಂಪ್ ಮಾಡುವ ಬಾವಿ) ಜಾಗ ಗುರುತಿಸದೆ ಮಾಡಿದ ಡಿಪಿಆರ್ ಕಾಗದದಲ್ಲೇ ಉಳಿಯುತ್ತದೆ. ಒಳಚರಂಡಿ ಎಲ್ಲರಿಗೂ ಬೇಕು, ಘಟಕ ಮಾತ್ರ ತಮ್ಮ ಹೊಲದ ಪಕ್ಕ ಬೇಡ. ತಗ್ಗಿನ ಭಾಗದ ರೈತರೊಂದಿಗೆ ಮೊದಲೇ ಕೂತು ಮಾತನಾಡುವಂತೆ ಮುಖ್ಯಾಧಿಕಾರಿ ಮತ್ತು ನಿಮ್ಮ ವಾರ್ಡಿನ ಸದಸ್ಯರನ್ನು ಒತ್ತಾಯಿಸಿ. ಜಾಗದ ಬಗ್ಗೆ ಸಾಮಾನ್ಯ ಸಭೆಯಲ್ಲಿ ನಿರ್ಣಯವಾಗಿ ಅದು ನಡಾವಳಿಯಲ್ಲಿ ದಾಖಲಾಗಲಿ.

ಇದೆಲ್ಲ ಆಗಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಗುಂಡಿ ಖಾಲಿ ಮಾಡುವ ಯಂತ್ರ ಆ ಮಲವನ್ನು ಎಲ್ಲಿ ಸುರಿಯುತ್ತಿದೆ ಎಂದು ವಿಚಾರಿಸಿ. ಕೆರೆಗೋ ಹಳ್ಳಕ್ಕೋ ಸುರಿಯುತ್ತಿದ್ದರೆ, ದೇವನಹಳ್ಳಿಯಲ್ಲಿ 2015ರಿಂದ ಇರುವಂಥ ಮಲತ್ಯಾಜ್ಯ ಸಂಸ್ಕರಣಾ ಘಟಕಕ್ಕೆ ಬೇಡಿಕೆಯಿಡಿ. ಇಡೀ ಊರಿಗೆ ಒಳಚರಂಡಿ ಹಾಕುವುದಕ್ಕಿಂತ ಅದರ ವೆಚ್ಚ ಬಹಳ ಕಡಿಮೆ. ಮತ್ತು ದಯವಿಟ್ಟು ಯಾವ ಕಾರಣಕ್ಕೂ ಮನುಷ್ಯರನ್ನು ಗುಂಡಿಗೆ ಇಳಿಸಬೇಡಿ. ಕೈಯಿಂದ ಮಲ ತೆಗೆಸುವುದನ್ನು ನಿಷೇಧಿಸಿದ 2013ರ ಕಾಯ್ದೆಯಡಿ ಅದು ಅಪರಾಧ. ಕಟ್ಟಿಕೊಂಡ ಗುಂಡಿಯ ಅನಿಲ ಕ್ಷಣಗಳಲ್ಲಿ ಪ್ರಾಣ ತೆಗೆಯುತ್ತದೆ.

ಸಂಪರ್ಕದ ಹಣದ ಬಗ್ಗೆ: ಕಾಂಪೌಂಡಿನೊಳಗಿನ ಕೊಳವೆ ಸಾಮಾನ್ಯವಾಗಿ ಮನೆಯವರ ಖರ್ಚು. ಮನೆಯಿಂದ ಮ್ಯಾನ್‌ಹೋಲ್‌ವರೆಗಿನ ಭಾಗವನ್ನು ಡಿಪಿಆರ್‌ನಲ್ಲೇ ಸೇರಿಸುವಂತೆ ಈಗಲೇ ಪಟ್ಟು ಹಿಡಿಯಿರಿ. ಅದು ಸೇರದಿದ್ದರೆ ಬಡವರ ಮನೆಗಳು ಹೊರಗುಳಿಯುತ್ತವೆ, ಕೊಳವೆಯಲ್ಲಿ ಹರಿವು ಸಾಲದೆ ಇಡೀ ಬೀದಿಗೆ ತೊಂದರೆಯಾಗುತ್ತದೆ. ಸಂಪರ್ಕ ಬಂದ ಮೇಲೆ ಹಳೆಯ ಗುಂಡಿಯನ್ನು ಖಾಲಿ ಮಾಡಿಸಿ ಮುಚ್ಚಿಸಿ. ತಾರಸಿಯ ಮಳೆನೀರನ್ನು ಮಾತ್ರ ಒಳಚರಂಡಿಗೆ ಬಿಡಬೇಡಿ. ಅದಕ್ಕೆ ಮಳೆನೀರಿನ ಚರಂಡಿಯೇ ಬೇರೆ.